ಅತ್ಯಾನ ಬಕೆಟ್ಟು, ಮಾಮಾನ ಮೀನು

ನನಗೆ ನೌಕರಿ ಇರುವುದು ಪಂಪು ತಯಾರಿಸುವ ಕಂಪನಿಯಲ್ಲಿ. ಮಾಡುವುದು ಬಿಲ್ಲು ಬರೆಯುವ ಕೆಲಸ. ಈ ಎರಡನೆಯ ವಾಕ್ಯವನ್ನು ನಾನು ನೆಂಟರ ಮುಂದೆ ಹೇಳುವುದಿಲ್ಲ. ಹಾಗಾಗಿಯೇ ೨೦೦೪ರಲ್ಲಿ ಕೃಷ್ಣಾಜಿ ಮಾಮಾ ಕೊಂಢವಾದ ಬಾಡಿಗೆ ಮನೆ ಬಿಟ್ಟು ವಾಕಡದ ಸ್ವಂತ ಫ್ಲ್ಯಾಟಿಗೆ ಬಂದಾಗ, ಅವರ ಮೀನಿನ ತೊಟ್ಟಿಗೆ ನಳ ಜೋಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮಾಮಾ ಅಂದರೆ ನನ್ನ ಸೋದರತ್ತೆ, ಅತ್ಯಾ ರಂಗೂಬಾಯಿಯ ಗಂಡ. ಧಾರವಾಡದವರು, ಪಿಂಪರಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತ ನಿವೃತ್ತರಾದವರು. ಗೋಡೆಯ ಬಣ್ಣದಿಂದ ಮಾಮಾನ ಅಂಗಿಯ ಬಣ್ಣದವರೆಗೆ ಎಲ್ಲ ಅತ್ಯಾನದೇ ತೀರ್ಮಾನ. ಮಾಮಾ ತಾವಾಗಿ ಆರಿಸಿಕೊಂಡದ್ದು ಗಪ್ಪಿ ಮೀನುಗಳನ್ನು ಮಾತ್ರ. ಹೆಂಡತಿಯ ಮುಂದೆ ಆಡದ ಮಾತನ್ನೆಲ್ಲ ಅವುಗಳ ಮುಂದೆ ಆಡುತ್ತಿದ್ದರು.

ಗೃಹಪ್ರವೇಶದ ಹಾಲು ಉಕ್ಕಿ ಆರುವ ಮೊದಲೇ ಅತ್ಯಾ ಹೇಳಿದಳು: "ನೋಡ್ರಿ, ಇನ್ನ ಮುಂದ ಮೀನಿನ ನೀರು ನನ್ನ ಬಕೆಟ್ ಮುಟ್ಟಬಾರದು. ಮಡಿ ನೀರು ಯಾವುದು, ಮೀನಿನ ನೀರು ಯಾವುದು ಒಂದೂ ತಿಳೀದಂಗಾಗೇದ. ಆಗಂಗಿಲ್ಲಂದ್ರ ಮೀನು ಯಾರಿಗರೆ ಕೊಟ್ಟುಬಿಡ್ರಿ."

ಮಾಮಾ ನನ್ನತ್ತ ತಿರುಗಿದರು. "ಮಧ್ವೇಶಾ, ನೀ ಪಂಪಿನ ಮನಷ್ಯಾ ಅಲ್ಲೇನೋ?"

"ಹೌದ್ರಿ ಮಾಮಾ," ಅಂದುಬಿಟ್ಟೆ.

ಒಂದು ಪೈಪು ನಳದಿಂದ ತೊಟ್ಟಿಗೆ, ಇನ್ನೊಂದು ತೊಟ್ಟಿಯಿಂದ ಗೋಡೆ ದಾಟಿ ಬಾಲ್ಕನಿಯ ಮೋರಿಗೆ. ಸಂಜೆ ಸೊಸೈಟಿಯವರು ನೀರು ಬಿಟ್ಟೊಡನೆ ತೊಟ್ಟಿ ತುಂಬಿ, ಹೆಚ್ಚಾದದ್ದು ತಾನೇ ಹೊರಬೀಳಬೇಕು. ಮೀನು ಜಾರಿ ಹೋಗದಂತೆ ಹೊರಹೋಗುವ ಪೈಪಿನ ಬಾಯಿಗೆ ಅಡಿಗೆಮನೆಯ ಚಹಾ ಸೋಸುವ ಗಾಳಣಿ ಸಿಕ್ಕಿಸಿದೆ. ಗಾಳಣಿ ಕಾಣದಾದಾಗ ಅತ್ಯಾ ಸಾಮಾನು ಸಾಗಿಸಿದ ಟೆಂಪೋದವನನ್ನು ಬೈದಳು. ನಾನೂ ಜೊತೆಗೂಡಿ ಬೈದೆ.

ಆದರೆ ಗೋಡೆಯ ಆಚೆ ಪೈಪು ತಲೆ ಹಾಕಿದ್ದು ಮೋರಿಯ ಮೇಲಲ್ಲ, ಅತ್ಯಾ ಪೂಜೆ ಮಾಡಿ ಇಟ್ಟಿದ್ದ ತುಳಸಿ ಕುಂಡದ ಮೇಲೆ. ಪೂಜೆಯಾದ ತುಳಸಿಯನ್ನು ಸರಿಸುವಂತಿಲ್ಲ, ಕೊರೆದ ತೂತನ್ನೂ ಸರಿಸುವಂತಿಲ್ಲ.

"ಇರ್ಲಿ ಬಿಡೋ," ಮಾಮಾ ಪಿಸುಗುಟ್ಟಿದರು. "ಸಂಜೀಕ ಅಕಿ ಭಜನಿ ಮಂಡಳಿಗೆ ಹೋಗಿರತಾಳ."

ಕಾರ್ತಿಕದ ಹೊತ್ತಿಗೆ ತುಳಸಿ ಅತ್ಯಾನ ಭುಜಕ್ಕೆ ಬಂದಿತ್ತು. ಎದುರುಮನೆಯ ಸುಲಭಾತಾಯಿ, "ಕಾಯ್ ಘಾಲತಾ ಹೋ ಹಿಲಾ?" ಎಂದು ಮರಾಠಿಯಲ್ಲಿ, ಏನು ಹಾಕುತ್ತೀರಿ ಇದಕ್ಕೆ ಎಂದು, ಗೊಬ್ಬರದ ಗುಟ್ಟು ಕೇಳಿದರೆ, "ವಿಷ್ಣುಸಹಸ್ರನಾಮ!" ಎಂದು ಅತ್ಯಾ ಬೀಗುತ್ತಿದ್ದಳು.

ತುಳಸಿ ಲಗ್ನದ ದಿನ ಇಡೀ ಬಿಲ್ಡಿಂಗಿಗೆ ಕರೆ ಹೋಯಿತು. "ಇಷ್ಟು ಮಂದಿಗೆ ಚಹಾ ಅರಿವ್ಯಾಗ ಸೋಸಲೇನು? ಗಾಳಣಿ ಹುಡುಕ್ರಿ!" ಎಂದು ಅತ್ಯಾ ಗುಡುಗಿದಳು. ಹೆದರಿದ ಮಾಮಾ ತೊಟ್ಟಿಯಿಂದ ಅದನ್ನು ಕಿತ್ತು, ತೊಳೆದು, "ಡಬ್ಬಿ ಹಿಂದಿತ್ತ ನೋಡು," ಎಂದು ಕೊಟ್ಟರು. ಸಂಜೆ ನೀರು ಬರುವ ಮೊದಲು ನಳ ಬಂದ್ ಮಾಡಲು ನನಗೆ ಹೇಳಿದರು. ಅಷ್ಟರಲ್ಲಿ ಅತ್ಯಾ ಅಂತರಪಟ ಹಿಡಿ ಎಂದಳು. ಹಿಡಿದೆ, ನಳ ಮರೆತೆ.

ಮಂಗಳಾಷ್ಟಕ ಮುಗಿದು ಅಂತರಪಟ ಸರಿಯಿತು. ಗೋಡೆ ಗುಳುಗುಳು ಎಂದಿತು. ಕುಂಡಕ್ಕೆ ನೀರು ಸುರಿಯಿತು. ನೀರಿನ ಹಿಂದೆಯೇ ಒಂದು ಕೆಂಪು ಬಾಲದ ಗಪ್ಪಿ ವಧುವಿನ ಬುಡದಲ್ಲಿ ಬಿದ್ದು ಪಟಪಟ ಒದ್ದಾಡಿತು.

"ಅಗ ಬಾಈ! ಮತ್ಸ್ಯಾವತಾರ!" ಸುಲಭಾತಾಯಿ ಕೈ ಮುಗಿದರು. ವರನೇ ಖುದ್ದು ಬಂದನೆಂದು ಎಲ್ಲರೂ ಮೀನಿಗೆ ಅಕ್ಷತೆ ಹಾಕಿದರು. ಮಾಮಾ ಕೈಗೆ ಸಿಕ್ಕ ಪಂಚಪಾತ್ರೆಯಲ್ಲೇ ಅದನ್ನು ಎತ್ತಿಕೊಂಡರು. ಅತ್ಯಾ ಪೈಪನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಮಾಮಾನನ್ನು. ಮೀನುಗಳ ಋಣ ತೀರಿತು ಎಂದುಕೊಂಡೆ.

ಮಂದಿ ಚಹಾ ಕುಡಿದು ಹೋದ ಮೇಲೆ ಅತ್ಯಾ ಬಾಗಿಲು ಮುಚ್ಚಿದಳು.

"ಇಷ್ಟ ದಿವಸ ನನ್ನ ತುಳಸಿಗೆ ಮೀನಿನ ಹೊಲಸು ಕುಡಿಸೀರಿ?"

"ಕುಡದು ಹ್ಯಾಂಗ ಬೆಳದದ ನೋಡು," ಎಂದರು ಮಾಮಾ, ಪಂಚಪಾತ್ರೆಯನ್ನು ಎದೆಗವಚಿಕೊಂಡು. ಅತ್ಯಾನಿಗೆ ಅವರು ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ಯಾ ಪಂಚಪಾತ್ರೆಯೊಳಗೆ ಇಣುಕಿದಳು. "ಅಷ್ಟ ಮಂದಿ ದೇವರಂತ ಕೈ ಮುಗದಾರ. ಈಗ ಹೊರಗ ಹಾಕಿದ್ರ ನನಗ ನಗತಾರ. ಇರಲಿ. ಆದ್ರ ಈ ಮನ್ಯಾಗ ಇರಬೇಕಂದ್ರ ಏಕಾದಶಿ ದಿನ ಅವಕ್ಕೂ ಉಪವಾಸ!"

ಮಾಮಾ ಮೀನುಗಳ ಪರವಾಗಿ ಒಪ್ಪಿದರು. ಅಷ್ಟರಲ್ಲಿ ಬಿಟ್ಟುಹೋದ ತಾಟಿಗಾಗಿ ಸುಲಭಾತಾಯಿ ಬಾಗಿಲು ತಟ್ಟಿದರು.

"ಚಹಾ ಮಸ್ತ ಝಾಲಾ ಹೋತಾ, ಕಾಕೂ! ಕಾಯ್ ಘಾತಲಂ ಹೋತಂ?"

ಚಹಾ ಅಷ್ಟು ರುಚಿಯಾಗಲು ಏನು ಹಾಕಿದ್ದೆ ಎಂದು ಅತ್ಯಾ ಯೋಚಿಸತೊಡಗಿದಳು. ಮಾಮಾ ನನ್ನತ್ತ ನೋಡಲಿಲ್ಲ. ನಾನು ಗಾಳಣಿಯತ್ತ ನೋಡಲಿಲ್ಲ.