ಮೈಕಿನ ಪಕ್ಕದ ಟೆಸ್ಲಾ ಕಾಯಿಲ್

ಕುರುಗೋಡಿನ ಮನೆಯಲ್ಲಿ ಪೈಪಿಗೆ ಸಣ್ಣ ತಾಮ್ರದ ತಂತಿ ಸುತ್ತಿ ಸುತ್ತಿ ನನ್ನ ಬೆರಳಿಗೆ ಬೊಬ್ಬೆ ಬಂದಿತ್ತು. ಹಾಗೆ ಮಾಡಿದ ಟೆಸ್ಲಾ ಕಾಯಿಲ್ ಪುಟ್ಟ ಮಿಂಚಿನಂಥ ಕಿಡಿ ಹಾರಿಸಿದಾಗಲೆಲ್ಲ ಅಜ್ಜನ ರೇಡಿಯೊ ಕರ್ರೆಂದು ಅರಚುತ್ತಿತ್ತು. "ಏ ಹುಡುಗಿ, ವಾರ್ತೆ ಕೇಳಾಕ ಬಿಡು!" ಎಂದು ಅಜ್ಜ ಬೈಯುತ್ತಿದ್ದ.

ನಮ್ಮ ವಿಜ್ಞಾನದ ಮೇಷ್ಟ್ರು ಅದನ್ನು ಮೊದಲು ನೋಡಿದ್ದೇ ಸಿರುಗುಪ್ಪದ ವಿಜ್ಞಾನ ಮೇಳದ ದಿನ. ನೋಡಿದ್ದೇ ತಡ, ವೇದಿಕೆಗೆ ಹೊರಿಸಿ ಮೈಕಿನ ಪಕ್ಕದಲ್ಲೇ ಇಡಿಸಿದರು. ನನ್ನನ್ನು ಸ್ವಿಚ್ ಒತ್ತಲು ಕೂರಿಸಿ, ಅತಿಥಿಗಳಿಗೆ ಕೈಮುಗಿದು, "ಇದನ್ನ ನಾನ ಕುಂತು ಮಾಡೀನ್ರಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸ್ವಿಚ್ ಒತ್ತಿದೆ. ಸ್ಪೀಕರ್ ಅರಚಿತು. ಬಿಟ್ಟೆ, ಸುಮ್ಮನಾಯಿತು. ಅವರು ಮತ್ತೆ "ನಾನ..." ಅಂದರು, ಮತ್ತೆ ಒತ್ತಿದೆ. ಪಾಪ, ಮೈಕ್ ಸೆಟ್ಟಿನವನನ್ನು ಬೈದರು, ಮೈಕನ್ನೇ ಬದಲಿಸಿದರು. ನಾನು ಬಿಡಲಿಲ್ಲ.

ಕೊನೆಗೆ ಅತಿಥಿಯೊಬ್ಬರು ಕೇಳಿದರು: "ನೀವ ಮಾಡೀರಲ್ರಿ ಮೇಷ್ಟ್ರ, ಯಾಕ ಹಿಂಗ ಆಗತೈತಿ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಎದ್ದು ಹೋಗಿ ಅವರ ಕೈಯಿಂದ ಮೈಕ್ ಈಸಿಕೊಂಡೆ.

"ಮಾಡಿದಾಕಿ ಹೇಳ್ತೀನಿ, ಕೇಳ್ರಿ."

ಈ ಸಲ ಸ್ಪೀಕರ್ ತುಟಿಪಿಟಕ್ಕೆನ್ನಲಿಲ್ಲ. ಮೇಷ್ಟ್ರೂ ಅಷ್ಟೆ.