ಹಿಂದಿನ ಗಾಜಿನ ಗೆರೆಗಳು

ಡ್ರೈವರ್ ಮಾವನ ಎಡಗೈ ಬಲಗೈಗಿಂತ ಕಪ್ಪು. ಗಲ್ಫಿನಲ್ಲಿ ಸ್ಟೀರಿಂಗ್ ಎಡಕ್ಕೆ. ವರ್ಷಗಟ್ಟಲೆ ಕಿಟಕಿಯ ಅಂಚಿಗಿಟ್ಟು ಓಡಿಸಿದ ಆ ಮೊಣಕೈಯನ್ನು ಅಲ್ಲಿಯ ಬಿಸಿಲು ಸುಟ್ಟಿತ್ತು. ಮರಳಿ ಬಂದವರು ಮೆಲ್ಕಾರಿನಲ್ಲಿ ನಮ್ಮ ಪಕ್ಕದ ಮನೆ ಕೊಂಡರು, ಜೊತೆಗೊಂದು ಹಳೆಯ ಕಾರು. ರಕ್ತಸಂಬಂಧವೇನಿಲ್ಲ; ನೆರೆಯ ಬಳಕೆಯಲ್ಲಿ ಮಾವ, ಅತ್ತೆ ಆದರು.

ನನಗೆ ಕಾರು ಬಿಡಲು ಕಲಿಸಿದ್ದು ಅವರೇ. "ಎದುರು ಎಲ್ಲರೂ ನೋಡ್ತಾರೆ. ಹಿಂದೆ ನೋಡುವವನೇ ಡ್ರೈವರ್" ಎನ್ನುತ್ತಿದ್ದರು. ಬೈದದ್ದಿಲ್ಲ. ನಾನು ಕ್ಲಚ್ ತಪ್ಪಿ ಗಾಡಿ ಆಫ್ ಮಾಡಿದಾಗೆಲ್ಲ ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿಕೊಂಡು, ಅದು ಕರಗುವವರೆಗೆ ಸುಮ್ಮನೆ ರಸ್ತೆ ನೋಡುತ್ತಿದ್ದರು.

ಆ ಕಾರಿನ ಹಿಂದಿನ ಗಾಜಿನಲ್ಲಿ ಅಡ್ಡಕ್ಕೆ ಕಂದು ಗೆರೆಗಳಿದ್ದವು. ಸ್ವಿಚ್ ಒತ್ತಿದರೆ ಅವು ಬಿಸಿಯಾಗಿ ಗಾಜಿಗೆ ಕಟ್ಟಿದ ಮಂಜು ಹೋಗಬೇಕು. ಮಾವನ ಕಾರಿನಲ್ಲಿ ಹೋಗುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಗಾಜು ಬೆಳ್ಳಗೆ ಮುಚ್ಚಿಕೊಳ್ಳುತ್ತಿತ್ತು.

"ಎಂತದೂ ಕಾಣುದಿಲ್ಲ ಮಾರಾಯ್ರೆ, ಇದನ್ನೊಮ್ಮೆ ಸರಿ ಮಾಡಿಸಿ" ಎಂದು ಅತ್ತೆ ಹೇಳುತ್ತಲೇ ಇದ್ದರು.

"ಹಿಂದೆ ನೋಡ್ಲಿಕ್ಕೆ ನೀನುಂಟಲ್ಲ" ಎಂದು ಮಾವ ನಗುತ್ತಿದ್ದರು. ನಡೆಯುತ್ತಿದ್ದುದೂ ಹಾಗೆಯೇ. ಕಾರು ಅಂಗಳದಿಂದ ಹಿಂದಕ್ಕೆ ಬರುವಾಗ ಅತ್ತೆ ಗೇಟಿನ ಬಳಿ ನಿಂತು "ಬರ್ಲಿ, ಬರ್ಲಿ" ಎನ್ನುವರು.

ಮಳೆಗಾಲದ ನಡುವಿನ ಆಟಿ ತಿಂಗಳು; ಒಂದು ಬೆಳಿಗ್ಗೆ ಜೋರು ಮಳೆ. ಕೊಡೆ ಹಿಡಿದು ನಿಂತಿದ್ದ ಅತ್ತೆಯ ಕಾಲು ಪಾಚಿಯಲ್ಲಿ ಜಾರಿತು. ಅವರು ಕೂಗಿದ್ದು ನನಗೆ ಕೇಳಿತು, ಕಾರಿನೊಳಗಿದ್ದ ಮಾವನಿಗೆ ಕೇಳಲಿಲ್ಲ. ನಾನು ಓಡಿಹೋಗುವಷ್ಟರಲ್ಲಿ ಹಿಂದಕ್ಕೆ ಬರುತ್ತಿದ್ದ ಕಾರಿನ ಚಕ್ರ ಅವರ ಮೇಲೆ ಹತ್ತಿಬಿಟ್ಟಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಿತ್ತು, ಪ್ರಜ್ಞೆ ಬರಲಿಲ್ಲ.

ಉತ್ತರಕ್ರಿಯೆಯ ದಿನ, ಮೂಡುಬಿದಿರೆಗೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ಊಟಕ್ಕೆ ಕೂತವರೆಲ್ಲರ ಎದುರು ಕೇಳಿದಳು: "ಒಂದು ಗ್ಲಾಸ್ ಸರಿ ಮಾಡಿಸ್ಲಿಕ್ಕೆ ಆಗ್ಲಿಲ್ವಾ ಅಪ್ಪ ನಿಮ್ಗೆ?"

ಆಮೇಲೆ ಅವಳು ತವರಿಗೆ ಬರಲಿಲ್ಲ.

ಕಾರು ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಮಾವ ಮಾರಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ, ಗಾಜಿಗೆ ಮುಖ ತಾಗುವಷ್ಟು ಬಾಗಿದ್ದಾರೆ. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಕೈಯಲ್ಲಿ ಕರೆಂಟು ಇದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಇತ್ತು. ಅದರ ಮೊನೆಯನ್ನು ಗೆರೆಯ ಮೇಲೆ ತಾಗಿಸುತ್ತ ಹೋದರೆ ಉರಿಯುತ್ತಿದ್ದ ಬಲ್ಬು ಒಂದು ಕಡೆ ಆರಿಹೋಗುತ್ತಿತ್ತು. ಎಲ್ಲ ಗೆರೆಗಳಲ್ಲೂ ಅದೇ ಜಾಗ. ಅಲ್ಲಿ ಮೇಲಿಂದ ಕೆಳಗೆ ಕೆರೆದ ಗುರುತು, ಗೆರೆಗಳು ತುಂಡು.

"ಇಲ್ಲಿ ಒಳಗಿನಿಂದ ಹಳೇ ಓನರ್‌ನ ಸ್ಟಿಕ್ಕರ್ ಇತ್ತು" ಎಂದರು ಮಾವ, ನನ್ನತ್ತ ತಿರುಗದೆ. "ಕಾರು ತಂದ ಹೊಸತರಲ್ಲಿ ನಿನ್ನ ಅತ್ತೆ ಅದನ್ನು ಚೂರಿಯಲ್ಲಿ ಕೆರೆದು ತೆಗೆದಿದ್ದಳು. ಚಂದ ಮಾಡ್ಲಿಕ್ಕೆ ಅಂತ."

"ಮಗಳಿಗೆ ಹೇಳಿ ಮಾವ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ ಅಂತ ಗೊತ್ತಾಗ್ಲಿ" ಎಂದೆ.

"ತಾಯಿ ಹೋದ ಹುಡುಗಿಗೆ ತಾಯಿಯದ್ದೇ ತಪ್ಪು ಅಂತ ಹೇಳುದಾ ಮಾರಾಯ್ತಿ?" ಎಂದರು. "ಸರಿ ಮಾಡಿಸ್ಬೇಕಾದವ ನಾನು. ಅವಳ ಸಿಟ್ಟು ನನ್ನ ಮೇಲೆಯೇ ಇರ್ಲಿ. ನೀನೂ ಹೇಳ್ಬೇಡ."

ತುಂಡಾದ ಜಾಗಗಳಿಗೆ ಹಚ್ಚಲು ಕರೆಂಟು ಹಾಯುವ ಬೆಳ್ಳಿ ಪೇಂಟಿನ ಸಣ್ಣ ಬಾಟಲಿ ತರಿಸಿದರು. ಗೆರೆಯ ಎರಡೂ ಬದಿಗೆ ನಾನು ಟೇಪ್ ಅಂಟಿಸಿಕೊಟ್ಟೆ. ಪೇಂಟು ಅವರೇ ಹಚ್ಚಿದರು. ಮರುದಿನ ಸ್ವಿಚ್ ಒತ್ತಿ, ಗಾಜಿನ ಮೇಲೆ ಉಸಿರು ಬಿಡಲು ನನಗೆ ಹೇಳಿದರು. ಬಿಟ್ಟೆ. ಕಟ್ಟಿದ ಮಂಜು ಗೆರೆಯಿಂದ ಗೆರೆಗೆ ಕರಗಿ, ಗಾಜಿನಾಚೆ ಗೇಟು, ಒದ್ದೆ ನೆಲ ಸ್ಪಷ್ಟವಾಗಿ ಕಂಡವು.

"ಇಷ್ಟೇ ಇದ್ದದ್ದು ಕೆಲಸ" ಎಂದರು ಮಾವ.

ಆಮೇಲೆ ಅವರು ಆ ಕಾರನ್ನು ಓಡಿಸಲಿಲ್ಲ. ಬ್ಯಾಟರಿ ಸಾಯದಿರಲೆಂದು ಆಗಾಗ ಸ್ಟಾರ್ಟ್ ಮಾಡಿ ನಿಲ್ಲಿಸುವರು, ಅಷ್ಟೇ. ಮುಂದಿನ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಆಗ ಮಗಳು ಬಂದಳು.

ಎಲ್ಲ ಮುಗಿದ ಮೇಲೆ ಅವಳು ಕಾರನ್ನು ಮಾರಲೆಂದು ಮೂಡುಬಿದಿರೆಗೆ ಹೊರಟಳು. ಹನಿ ಬೀಳುತ್ತಿತ್ತು. ನಾನು ಗೇಟು ತೆರೆದು ನಿಂತಿದ್ದೆ. ಹಿಂದಕ್ಕೆ ಬರುತ್ತಿದ್ದ ಕಾರು ಅರ್ಧದಲ್ಲಿ ನಿಂತಿತು; ಹಿಂದಿನ ಗಾಜಿನ ಮಂಜು ಕರಗಿತ್ತು. ಅವಳು ಕಿಟಕಿ ಇಳಿಸಿದಳು.

"ಹಿಂದಿನ ಗ್ಲಾಸ್ ಸರಿ ಉಂಟಲ್ಲ ಅಕ್ಕ!"

"ಅಪ್ಪನೇ ಮಾಡಿದ್ದು. ಅಮ್ಮ ಹೋದ ಮೇಲೆ."

ಅವಳು ಕಣ್ಣು ಒರೆಸಿಕೊಂಡು ಕೇಳಿದಳು, "ಎಂತ ಆಗಿತ್ತಂತೆ ಅದಕ್ಕೆ?"

"ಹಳೇ ಗಾಡಿಯಲ್ವಾ" ಎಂದೆ.