ಹಿಮದ ನೆತ್ತಿಯಲ್ಲಿ ಬರಿಗಾಲು

ನಮ್ಮೂರ ದಾರಿಯ ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಳ್ಳುವ ಆಸಾಮಿ ನಾನು. ಅಂಥವನು ಹೋದ ಚಳಿಗಾಲದಲ್ಲಿ ಹಿಮಾಚಲದ ಹಿಮಬೆಟ್ಟ ಹತ್ತಲು ಹೊರಟೆ. ನಮ್ಮ ತಾಳವಾಡಿ ಕಡೆಯ ಹನ್ನೊಂದು ಮಂದಿಯ ಗುಂಪು, ಅದರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಹೊರಡುವ ಮೊದಲೇ ಊರಿನ ಟೀ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದೆ: "ನಾವು ಬೆಟ್ಟದಲ್ಲೇ ಉಟ್ಟಿ ಬೆಳ್ದೋರು ಕಣ್ಲಾ. ನೆತ್ತಿ ಮ್ಯಾಲ ನಿಂತ್ಕಂಡು ಪೋಟೊ ಕಳಿಸ್ತೀನಿ, ನೋಡ್ತಿರು."

ಆ ಫೋಟೊದ ಮೇಲೆ ನನ್ನ ಮಾನ ನಿಂತಿತ್ತು. ಅದಕ್ಕೇ ನನಗೆ ಹೊಸ ಬೂಟು, ಉಣ್ಣೆಯ ಕಾಲುಚೀಲ. ಹೆಂಡತಿ ಹೇಗೂ ಕೆಳಗಿನ ಟೆಂಟಿನಲ್ಲೇ ಕೂರುತ್ತಾಳೆ ಎಂದು ನಾನೇ ತೀರ್ಮಾನಿಸಿ, ಮಗಳ ಹಳೆಯ ಶೂ ಸಾಕು ಎಂದಿದ್ದೆ.

ಅವಳು ಕೂರಲಿಲ್ಲ. ದಿನಾ ಹುಲ್ಲಿನ ಹೊರೆ ಹೊತ್ತು ಏರು ಹತ್ತುವವಳು, ಹಿಮದಲ್ಲೂ ಅದೇ ನಡಿಗೆಯಲ್ಲಿ ಮುಂದೆ ಹೋದಳು. ನಾನು ಹತ್ತು ಹೆಜ್ಜೆಗೊಮ್ಮೆ ನಿಂತು, ಸುತ್ತಲಿನ ಸೊಬಗು ಸವಿಯುವವನ ಹಾಗೆ ನಟಿಸುತ್ತ ಉಸಿರು ಎಳೆದುಕೊಳ್ಳುತ್ತಿದ್ದೆ.

ನೆತ್ತಿಯಲ್ಲಿ ಕಲ್ಲುಗಳ ಗುಡ್ಡೆ, ಅದರ ಮೇಲೆ ಬಣ್ಣದ ಬಾವುಟ. ನಮ್ಮ ಕಡೆ ಬೆಟ್ಟದ ತಲೆ ಅಂದರೆ ದೇವರ ಜಾಗ. ಗುಡಿ ಇರಲಿ, ಬರೀ ಕಲ್ಲಿರಲಿ, ಚಪ್ಪಲಿ ಬಿಟ್ಟೇ ಹತ್ತಿರ ಹೋಗುವುದು. ಹಿಂದೆಮುಂದೆ ನೋಡದೆ ಬೂಟು, ಕಾಲುಚೀಲ ಎರಡನ್ನೂ ಕಳಚಿ ಸುತ್ತು ಬರತೊಡಗಿದೆ. ಗೈಡು ಹಿಂದಿಯಲ್ಲಿ ಏನೋ ಕೂಗಿಕೊಂಡ. ಎರಡನೆಯ ಸುತ್ತಿಗೆ ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಮೂರನೆಯದಕ್ಕೆ ಕುಸಿದು ಕೂತೆ. ಬೂಟು ಕಳಚಲು ಬಗ್ಗಿದ್ದ ಉಳಿದವರು ನನ್ನನ್ನು ನೋಡಿ ಮತ್ತೆ ದಾರ ಬಿಗಿದುಕೊಂಡರು.

ಹೆಂಡತಿ ದೂರದಲ್ಲೇ, ಶೂ ಹಾಕಿಕೊಂಡೇ ಕೈಮುಗಿದಿದ್ದಳು. "ದೇವ್ರಿಗೆ ಗೊತ್ತಿಲ್ವಾ ಇಲ್ಲಿ ಚಳಿ ಅಂತ?" ಎನ್ನುತ್ತ ಬಂದು ಹಿಮದಲ್ಲೇ ಕೂತು, ನನ್ನ ಎರಡೂ ಪಾದಗಳನ್ನು ತನ್ನ ಸ್ವೆಟರಿನೊಳಗೆ ಎಳೆದುಕೊಂಡು ಹೊಟ್ಟೆಗೆ ಒತ್ತಿಕೊಂಡಳು. ಎಲ್ಲರ ಎದುರಿಗೇ. ನಾಚಿಕೆಗೋ ನೋವಿಗೋ, ನನ್ನ ಕಣ್ಣಲ್ಲಿ ನೀರು ಬಂತು. ಗುಂಪಿನವನೊಬ್ಬ ಫೋಟೊ ತೆಗೆದದ್ದೂ ಆಗಲೇ.

ಮಧ್ಯಾಹ್ನ ಟೆಂಟಿಗೆ ಇಳಿದ ಮೇಲೆ ಅವಳು ಆ ಕಡೆ ತಿರುಗಿ ಶೂ ಬಿಚ್ಚಿದಳು. ಹಿಮ್ಮಡಿ ಎರಡೂ ಸುಲಿದು, ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಮಗಳ ಕಾಲು ಇವಳದಕ್ಕಿಂತ ಚಿಕ್ಕದು ಎಂಬುದು ನನಗೆ ಆಗ ಹೊಳೆಯಿತು.

"ಯೋಳ್ಬಾರ್ದಾಗಿತ್ತಾ?" ಎಂದೆ.

"ಯೋಳಿದ್ರ ಕೆಳಗೇ ಕೂರುಸ್ಬುಡ್ತಿದ್ರಿ. ನಂಗೂ ಮ್ಯಾಲ್ಗಂಟ ಓಗ್ಬೇಕಿತ್ತು."

ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ್ದೇನೆ. ನಿನಗೂ ಎಲ್ಲಿಗಾದರೂ ಹೋಗುವ ಆಸೆ ಇದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಬಿಸಿನೀರು ತರಿಸಿ, ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಚೀಲ ನೆನೆಸಿ ಬಿಡಿಸತೊಡಗಿದೆ.

"ಬುಡಿ, ಯಾರಾರ ನೋಡಾರು" ಎಂದಳು.

"ನೋಡ್ಲಿ ಬುಡು" ಎಂದೆ.

ಟೀ ಅಂಗಡಿಯವರಿಗೆ ಮಾತು ಕೊಟ್ಟಂತೆ ನೆತ್ತಿಯಲ್ಲಿ ತೆಗೆದ ಆ ಫೋಟೊವನ್ನೇ ಕಳಿಸಿದೆ. ಅದರಲ್ಲಿ ಕಾಣುವುದು ಅವಳ ಮುಖ. ನನ್ನದು ಬೆನ್ನು ಮಾತ್ರ.